ಮಸ್ಕಿಯ ಬಂಡೆ ಕಲಿಸುವ ಗಗನಪಾಠ

ಲಿಂಗಸುಗೂರಿನಿಂದ ಸಿಂಧನೂರಿಗೆ ಹೋಗುವಾಗ ನಡುವೆ ಮಸ್ಕಿ ಸಿಗುತ್ತದೆ. ಇಲ್ಲಿನ ಬೆಟ್ಟದಲ್ಲಿರುವ ಅಶೋಕನ ಶಾಸನವನ್ನು 1915ರಲ್ಲಿ ಚಿನ್ನದ ಗಣಿಯ ಎಂಜಿನಿಯರ್ ಸಿ. ಬೀಡನ್ ಪತ್ತೆಹಚ್ಚಿದರು. ಬೇರೆಡೆಯ ಶಾಸನಗಳ ‘ದೇವಾನಾಂಪ್ರಿಯ’ನೇ ಅಶೋಕನೆಂದು ವಿದ್ವಾಂಸರು ಮೊದಲೇ ತರ್ಕಿಸಿದ್ದರು. ಆದರೆ ಅಶೋಕನ ಹೆಸರನ್ನೇ ಹೇಳುವ ಈ ಬಂಡೆ ಸಿಕ್ಕ ಮೇಲೆಯೇ ಅನುಮಾನ ನೀಗಿತು.

ಲೆಕ್ಕ ಸರಿಯಿದ್ದರೂ ಸಾಕ್ಷಿ ಬೇಕು. ಮನುಷ್ಯರನ್ನು ಬಾಹ್ಯಾಕಾಶಕ್ಕೆ ಕಳುಹಿಸುವ ನಮ್ಮ ಗಗನಯಾನವೂ ಇದೇ ದಾರಿ ಹಿಡಿದಿದೆ. ಅದರ ಹೊಣೆ ಹೊತ್ತ ಇಸ್ರೋ ಕೇಂದ್ರ ಬೆಂಗಳೂರಿನಲ್ಲಿದೆ. 2023ರ ಅಕ್ಟೋಬರ್ 21ರಂದು ಶ್ರೀಹರಿಕೋಟದಿಂದ ಯಾತ್ರಿಕರಿಲ್ಲದ ಕೋಶವೊಂದನ್ನು ಪರೀಕ್ಷೆಗಾಗಿ ಹಾರಿಸಿದರು. ಇನ್ನು 5 ಸೆಕೆಂಡು ಇರುವಾಗ ಕಂಪ್ಯೂಟರೇ ತಡೆಯಿತು. ದೋಷ ಸರಿಪಡಿಸಿದ ಮೇಲೆ 10 ಗಂಟೆಗೆ ರಾಕೆಟ್ ಮೇಲೇರಿತು. ಸುಮಾರು 12 ಕಿ.ಮೀ. ಎತ್ತರದಲ್ಲಿ, ಅಪಾಯದಲ್ಲಿ ಯಾತ್ರಿಕರನ್ನು ಪಾರುಮಾಡುವ ವ್ಯವಸ್ಥೆ ಕೋಶವನ್ನು ರಾಕೆಟ್ಟಿನಿಂದ ದೂರ ಎಳೆದೊಯ್ದಿತು. ಪ್ಯಾರಾಚೂಟುಗಳು ಅದನ್ನು ಬಂಗಾಳ ಕೊಲ್ಲಿಗೆ ಇಳಿಸಿದವು. ನೌಕಾಪಡೆ ಅದನ್ನು ನೀರಿನಿಂದ ಎತ್ತಿ ತಂದಿತು.

ಸಿಂಧನೂರು ಹತ್ತಿರವಾದಂತೆ ತುಂಗಭದ್ರಾ ಎಡದಂಡೆ ಕಾಲುವೆಯ ಭತ್ತದ ಗದ್ದೆಗಳು ಕಾಣುತ್ತವೆ. ಬಿತ್ತುವ ಮುನ್ನ ಹಿಡಿ ಬೀಜವನ್ನು ಮೊಳಕೆ ಕಟ್ಟಿ ನೋಡುವುದು ರೈತರಿಗೆ ಗೊತ್ತಿರುವ ಮಾತೇ. ಆ ಹಿಡಿ ಬೀಜ ದಂಡವಲ್ಲ. ಖಾಲಿ ಕೋಶದ ಹಾರಾಟವೂ ದಂಡವಲ್ಲ. ನಾಳೆ ಆ ಕೋಶದಲ್ಲಿ ಈ ಸೀಮೆಯ ಮಗುವೇ ಕುಳಿತೀತು. ಹೆತ್ತವರು ಧೈರ್ಯವಾಗಿ ಕಳುಹಿಸಬೇಕಾದರೆ ಇಂಥ ಪರೀಕ್ಷೆಗಳು ಇನ್ನೂ ಬೇಕು.