ಶ್ರೀಶೈಲದ ಹಾದಿಯಲ್ಲಿ ನಮ್ಮ ಟ್ರಾಲಿ

ಗಬ್ಬೂರು, 9 ಮಾರ್ಚ್ 2025, ಭಾನುವಾರ

ಹತ್ತಿ ರಾಯಚೂರು ಮಾರುಕಟ್ಟೆ ಸೇರಿದ ಮೇಲೆ ಟ್ರಾಲಿ ಅಂಗಳದಲ್ಲಿ ಖಾಲಿ ನಿಂತಿತ್ತು. ಇವತ್ತು ಅದನ್ನು ವೆಲ್ಡಿಂಗ್ ಅಂಗಡಿಗೆ ಎಳೆದೊಯ್ದೆ. ಯುಗಾದಿಗೆ ಊರಿನವರು ಶ್ರೀಶೈಲಕ್ಕೆ ನಡೆದು ಹೊರಟಿದ್ದಾರೆ. ಗಂಟು, ಹಾಸಿಗೆ, ನೀರು, ಅಡುಗೆ ಸಾಮಾನು ಹೊರುವ ಜವಾಬ್ದಾರಿ ಈ ಸಲ ನನ್ನ ಗಾಡಿಯದು. ಹತ್ತಿಗೆಂದು ಏರಿಸಿದ್ದ ಜಾಳಿಗೆಯನ್ನು ತೆಗೆಸಲಿಲ್ಲ. ಅದರ ಮೇಲೆಯೇ ಪೈಪು ಬಗ್ಗಿಸಿ ಕಮಾನು ಕೂರಿಸಿ, ತಾಡಪತ್ರಿ ಬಿಗಿಯಲು ಕೊಂಡಿ ಹಚ್ಚಿಸಿದೆ. ತಾಡಪತ್ರಿಯ ಎರಡೂ ಬದಿ ಎತ್ತಿ ಬಿದಿರಿಗೆ ಕಟ್ಟಿದರೆ ಮಧ್ಯಾಹ್ನದ ನೆರಳು, ಇಳಿಬಿಟ್ಟರೆ ರಾತ್ರಿಯ ಗೋಡೆ.

ಹಿಂದಿನ ತುದಿಯಲ್ಲಿ ಬೈಕಿಗೆ ಜಾಗ. ಬೈಕು ಯಾಕೆ ಎಂದು ವೆಲ್ಡಿಂಗಿನವನು ನಕ್ಕ. ನಡೆಯುವವರು ಎಂದೂ ಒಂದೇ ಸಾಲಿನಲ್ಲಿ ಇರುವುದಿಲ್ಲ. ಹುಡುಗರು ಮುಂದೆ ಓಡುತ್ತಾರೆ, ಮೊಳಕಾಲು ನೋವಿನವರು ಎರಡು ಹಳ್ಳಿ ಹಿಂದೆ ಉಳಿಯುತ್ತಾರೆ. ಅವರನ್ನು ಹುಡುಕಲು, ಗುಳಿಗೆ ತರಲು, ಮುಂದಿನ ತಂಗುದಾಣದಲ್ಲಿ ನೀರಿದೆಯೋ ಇಲ್ಲವೋ ನೋಡಿ ಬರಲು ಟ್ರ್ಯಾಕ್ಟರ್ ತಿರುಗಿಸಲಾಗುತ್ತದೆಯೇ? ಪೂರ್ತಿ ಆಕ್ಸಿಲರೇಟರ್ ಕೊಟ್ಟರೂ ಅದು ಗಂಟೆಗೆ 30 ಕಿ.ಮೀ. ದಾಟುವುದು ಕಷ್ಟ. ಹಿಂದಿನ ಬಾಗಿಲು ಇಳಿಸಿ, ಉದ್ದನೆ ಹಲಗೆ ಕೊಟ್ಟು, ಇಬ್ಬರು ನೂಕಿದರೆ ಸ್ಪ್ಲೆಂಡರ್ ಹತ್ತುತ್ತದೆ. ಮುಂದಿನ ಗಾಲಿ ಸಿಕ್ಕಿಸಲು ನೆಲಕ್ಕೆ ಎರಡು ಪಟ್ಟಿ ಬೆಸೆಸಿದೆ. ಹ್ಯಾಂಡಲ್‌ನಿಂದ ನಾಲ್ಕು ಮೂಲೆಗೂ ಹಗ್ಗ.

15 ಮಾರ್ಚ್, ಶನಿವಾರ

ಟೆಕ್ಸಾಸ್‌ನಲ್ಲಿರುವ ತಂಗಿಯ ಮಗನಿಗೆ ಟ್ರಾಲಿಯ ಫೋಟೋ ಕಳಿಸಿದ್ದೆ. ಬೆಳಿಗ್ಗೆ ವಿಡಿಯೋ ಕಾಲ್ ಮಾಡಿದ. “ಮಾಮಾ, ನಿಮ್ದೂ ಟಾಯ್ ಹಾಲರ್ ಆತಲ್ಲ!” ಎಂದು ತನ್ನದನ್ನೇ ತೋರಿಸಿದ. ಪಿಕಪ್ ಗಾಡಿಯ ಹಿಂದೆ ಎಳೆಯುವ ಉದ್ದನೆ ಮನೆ ಅದು. ಮುಂದೆ ಅಡುಗೆ ಒಲೆ, ಸ್ನಾನದ ಕೋಣೆ, ಮಂಚ. ಹಿಂದೆ ಬೈಕು ನಿಲ್ಲಿಸುವ ಗ್ಯಾರೇಜು. ಹಿಂದಿನ ಗೋಡೆಯೇ ಕೆಳಗಿಳಿದು ಬೈಕು ಹತ್ತುವ ಇಳಿಜಾರಾಗುತ್ತದೆ. ಬೈಕು ಕೆಳಗಿಳಿಸಿದ ಮೇಲೆ ಅದೇ ಜಾಗಕ್ಕೆ ಚಾವಣಿಯಿಂದ ಮಂಚ ಇಳಿಯುತ್ತದೆ. ರಜೆ ಸಿಕ್ಕರೆ ಮರಳುಗುಡ್ಡಕ್ಕೆ ಹೋಗಿ ಬೈಕು ಓಡಿಸಿ ಬರುತ್ತಾನಂತೆ. ನಾವು ದೇವರಿಗೆ ಹೋಗುವುದು ಕೇಳಿ, “ನಮ್ದು ಆಟ, ನಿಮ್ದು ಹರಕಿ” ಎಂದ.

ಅವನ ಗಾಡಿಯ ಅಂದಚೆಂದಕ್ಕಿಂತ ಅವನು ಹೇಳಿದ ಒಂದು ಲೆಕ್ಕ ನನಗೆ ಹಿಡಿಸಿತು. ಎಳೆಯುವ ಕೊಂಡಿಯ ಮೇಲೆ ಟ್ರೇಲರಿನ ಒಟ್ಟು ತೂಕದ ನೂರಕ್ಕೆ 10ರಿಂದ 15 ಪಾಲು ಕೂರಬೇಕು ಎಂಬುದು ಅಲ್ಲಿನವರ ನಿಯಮ. ಹಿಂಬದಿ ಭಾರವಾದರೆ ಕೊಂಡಿ ಮೇಲೇಳಲು ನೋಡುತ್ತದೆ, ವೇಗದಲ್ಲಿ ಟ್ರೇಲರ್ ಬಾಲ ಬೀಸತೊಡಗುತ್ತದೆ. ಬೈಕು ಅಚ್ಚಿನ ಹಿಂದೆ ನಿಲ್ಲುವುದರಿಂದ ಇಂಥ ಗಾಡಿಗಳಿಗೆ ಈ ಕಾಟ ಜಾಸ್ತಿಯಂತೆ. ನಮ್ಮ ಡ್ರೈವರುಗಳು ಶೇಕಡಾವಾರು ಲೆಕ್ಕ ಹಾಕುವುದಿಲ್ಲ, ಆದರೆ ಎರಡು ಗಾಲಿಯ ಟ್ರಾಲಿಯಲ್ಲಿ ಜೋಳದ ಚೀಲವನ್ನು ಮೊದಲು ಮುಂದೆಯೇ ಒಟ್ಟುತ್ತಾರೆ. ಹಿಂದೆ ಭಾರ ಬಿದ್ದರೆ ಹುಕ್ಕು ಎತ್ತಿ ಟ್ರ್ಯಾಕ್ಟರಿನ ದೊಡ್ಡ ಗಾಲಿಗೆ ನೆಲದ ಹಿಡಿತ ತಪ್ಪುತ್ತದೆ. ಅತಿಯಾಗಿ ಮುಂದೆ ಒಟ್ಟಿದರೆ ಏರಿನಲ್ಲಿ ಟ್ರ್ಯಾಕ್ಟರಿನ ಮೂಗು ಹಗುರಾಗಿ ಸ್ಟೇರಿಂಗ್ ಮಾತು ಕೇಳುವುದಿಲ್ಲ. ಸಂಜೆ 500 ಲೀಟರಿನ ನೀರಿನ ಟ್ಯಾಂಕನ್ನು ಅಚ್ಚಿಗಿಂತ ತುಸು ಮುಂದಕ್ಕೆ ಕೂರಿಸಿ ಕಟ್ಟಿದೆ. ತುಂಬಿದರೆ ಅರ್ಧ ಟನ್. ನೂರು ಕಿಲೋ ಮೀರುವ ಬೈಕು ಹಿಂದೆ ಎಷ್ಟು ಎತ್ತಿದರೂ ಇದು ತಡೆಯುತ್ತದೆ. ತೊಡಕು ಇಷ್ಟೇ: ನೀರು ಖರ್ಚಾಗುತ್ತ ಹೋಗುತ್ತದೆ, ಬೈಕು ಖರ್ಚಾಗುವುದಿಲ್ಲ.

17 ಮಾರ್ಚ್, ಸೋಮವಾರ

ಕಾಗದ ಪತ್ರ ಜೋಡಿಸಿದೆ. ಟ್ರ್ಯಾಕ್ಟರಿಗೆ ಬೇರೆ ನಂಬರು, ಟ್ರಾಲಿಗೆ ಬೇರೆ ನಂಬರು, ಎರಡೂ ಕೆಎ 36. ವಿಮೆಯಲ್ಲೂ ಟ್ರಾಲಿಯನ್ನು ಬೇರೆಯಾಗಿ ಬರೆಸಿರಬೇಕು. ಇದು ಎಷ್ಟೋ ಮಾಲೀಕರಿಗೆ ಪೆಟ್ಟು ಬಿದ್ದ ಮೇಲೇ ತಿಳಿಯುವ ಸಂಗತಿ. ಹೊಲದ ಕೆಲಸದ ಟ್ರ್ಯಾಕ್ಟರಿಗೆ ಕಾನೂನು ಒಂದಷ್ಟು ವಿನಾಯಿತಿ ಕೊಡುತ್ತದೆ ನಿಜ. ಹಾಗೆಂದು ಹಿಂದೆ ಏನು ಕಟ್ಟಿಕೊಂಡರೂ ನಡೆಯುತ್ತದೆ ಎಂದಲ್ಲ. ಟ್ರೇಲರ್ ಕಟ್ಟಿ ಸರಕು ಸಾಗಿಸಿದರೆ ಅದು ಸರಕು ವಾಹನವೇ ಎಂದು ಸುಪ್ರೀಂ ಕೋರ್ಟು 2005ರಲ್ಲಿ, ಕರ್ನಾಟಕದಿಂದ ಹೋದ ಮೊಕದ್ದಮೆಯಲ್ಲೇ ಹೇಳಿದೆ. ಸರಕಿನ ಮಾತೇ ಹೀಗಿದ್ದರೆ, ಟ್ರಾಲಿಯಲ್ಲಿ ಜನರನ್ನು ಕೂರಿಸುವುದಕ್ಕಂತೂ ಎಲ್ಲೂ ಅವಕಾಶವಿಲ್ಲ.

ರಾತ್ರಿ ಕಟ್ಟೆ ಮೇಲೆ ಇದೇ ಜಗಳ. ಸೋದರತ್ತೆ ಹಟ ಹಿಡಿದಳು: “ಹಾಸಗಿ ಮ್ಯಾಲೆ ಮೂಲ್ಯಾಗ ಕುಂದರ್ತೀನಿ, ನಾ ಏನ್ ಭಾರ ಆಗ್ತೀನೇನಪ?” ಭಾರದ ಮಾತಲ್ಲ ಅತ್ತಿ, ಎಂದೆ. 2022ರ ಅಕ್ಟೋಬರಿನಲ್ಲಿ ಕಾನ್ಪುರದ ಘಾಟಂಪುರದ ಬಳಿ ದೇವಸ್ಥಾನದಿಂದ ಮರಳುತ್ತಿದ್ದ ಟ್ರಾಲಿ ಹೊಂಡಕ್ಕೆ ಉರುಳಿ 25ಕ್ಕೂ ಹೆಚ್ಚು ಜನ ಸತ್ತರು. ಬಹುಪಾಲು ಹೆಂಗಸರು, ಮಕ್ಕಳು. ಅವರೂ ಹೀಗೆಯೇ ಹರಕೆ ತೀರಿಸಿ ಬರುತ್ತಿದ್ದವರು. ಅತ್ತೆ ಒಪ್ಪಲಿಲ್ಲ. ಕಡೆಗೆ ಅವಳ ಮಗನೇ ಬಸ್ಸಿನಲ್ಲಿ ಕರೆತರುವುದೆಂದಾಯಿತು. ಯುಗಾದಿಗೆ ರಾಯಚೂರಿನಿಂದ ಶ್ರೀಶೈಲಕ್ಕೆ ಬಸ್ಸುಗಳಿಗೆ ಬರವೇನಿಲ್ಲ.

18 ಮಾರ್ಚ್, ಮಂಗಳವಾರ

ನಸುಕಿನಲ್ಲಿ ಬಂಗಾರ ಬಸಪ್ಪನ ಗುಡಿ ಮುಂದೆ ಕಾಯಿ ಒಡೆದು ಹೊರಟೆವು. ತಮ್ಮ ಊರಲ್ಲೇ ಉಳಿದ. ನಾರಾಯಣಪುರ ಬಲದಂಡೆ ಕಾಲುವೆಯ ಕೊನೆಯ ಭಾಗದವರು ನಾವು. ನೀರಿನ ಸರದಿ ಬಂದ ಹೊತ್ತಿಗೆ ಹೊಲದಲ್ಲಿ ಆಳಿರದಿದ್ದರೆ ಬೆಳೆ ಹೋದ ಹಾಗೇ. ನನ್ನ ಜೊತೆ ಅಣ್ಣನ ಮಗ. ಮಡ್‌ಗಾರ್ಡ್ ಮೇಲೆ ಕೂರುತ್ತೇನೆಂದ, ಇಳಿಸಿ ಬೈಕು ಕೊಟ್ಟೆ.

20 ಮಾರ್ಚ್, ಗುರುವಾರ. ಮಂತ್ರಾಲಯ

ಗಿಲ್ಲೇಸುಗೂರು ಬಿಟ್ಟು ತುಂಗಭದ್ರೆ ದಾಟಿದರೆ ಆಂಧ್ರ. ಗುರುವಾರವಾದ್ದರಿಂದ ರಾಯರ ಮಠದಲ್ಲಿ ಕಾಲಿಡಲು ಜಾಗವಿಲ್ಲ. ಊರ ಹೊರಗೆ ಬೇವಿನ ಮರ ಸಿಕ್ಕಿತು. ಅದರ ಕೆಳಗೆ ಟ್ರಾಲಿಯನ್ನು ಹಿಂದಕ್ಕೆ ಸರಿಸಬೇಕಿತ್ತು. ಎಡಕ್ಕೆ ಹೋಗಬೇಕಾದರೆ ಸ್ಟೇರಿಂಗ್ ಬಲಕ್ಕೆ, ಬಲಕ್ಕೆ ಹೋಗಬೇಕಾದರೆ ಎಡಕ್ಕೆ. ಅರ್ಧ ಸುತ್ತು ಹೆಚ್ಚಾದರೂ ಟ್ರಾಲಿ ಮಡಚಿಕೊಂಡು ನಿಲ್ಲುತ್ತದೆ. ನೋಡುತ್ತಿದ್ದ ಪ್ರತಿಯೊಬ್ಬರೂ ಒಂದೊಂದು ದಿಕ್ಕಿಗೆ ಕೈ ಮಾಡಿದರು. ಇಂಥ ಹೊತ್ತಿನಲ್ಲಿ ಸನ್ನೆ ಮಾಡಲು ಒಬ್ಬನೇ ಸಾಕು, ಉಳಿದವರು ಚಹಾ ಕುಡಿಯುವುದು ಒಳ್ಳೆಯದು.

ಊಟದ ಹೊತ್ತಿಗೆ ಕಡಕ್ ರೊಟ್ಟಿಯ ಗಂಟು ಬಿಚ್ಚಿದರೆ ಅರ್ಧಕ್ಕರ್ಧ ನುಚ್ಚು. ನಮ್ಮ ಟ್ರಾಲಿಗೆ ಸ್ಪ್ರಿಂಗ್ ಇಲ್ಲ, ರಸ್ತೆಯ ಪ್ರತಿ ಗುಂಡಿಯೂ ನೇರ ನೆಲಹಲಗೆಗೆ ಮುಟ್ಟುತ್ತದೆ. ಹೆಣ್ಣುಮಕ್ಕಳು ತಮ್ಮೊಳಗೇ ದಾರಿ ಕಂಡುಕೊಂಡರು: ರೊಟ್ಟಿಯನ್ನು ಹಳೆ ಸೀರೆಯಲ್ಲಿ ಬಿಗಿಯಾಗಿ ಸುತ್ತಿ, ಅಚ್ಚಿನ ನೇರಕ್ಕೆ, ಹಾಸಿಗೆಗಳ ನಡುವೆ ಇಟ್ಟರು. ಟ್ರಾಲಿಯ ತುದಿಗಳು ಕುಣಿಯುವಷ್ಟು ನಡುಭಾಗ ಕುಣಿಯುವುದಿಲ್ಲ. ನುಚ್ಚಾದ ರೊಟ್ಟಿಗೆ ಶೇಂಗಾ ಚಟ್ನಿ, ಮೊಸರು ಕಲಸಿ ತಿಂದೆವು.

23 ಮಾರ್ಚ್, ಭಾನುವಾರ. ಕರ್ನೂಲಿನ ಹತ್ತಿರ

ಬಿಸಿಲು 40ರ ಆಸುಪಾಸು. ಡಾಂಬರಿನ ಮೇಲೆ ಬರಿಗಾಲಿನವರ ಅಂಗಾಲು ಬೊಕ್ಕೆ ಎದ್ದಿದೆ. ಬೆಳಗಿನ ಜಾವ ಮೂರಕ್ಕೆ ಎದ್ದು ನಡೆಯುತ್ತಾರೆ, ಒಂಬತ್ತಕ್ಕೆ ನೆರಳು ಸೇರುತ್ತಾರೆ, ಬಿಸಿಲಿಳಿದ ಮೇಲೆ ಮತ್ತೆ. ಕತ್ತಲಲ್ಲಿ ನಾನು ಅವರ ಹಿಂದೆ ನಿಧಾನಕ್ಕೆ ಗಾಡಿ ಬಿಡುತ್ತೇನೆ. ಲಾರಿಗಳು ಹಿಂದಿನಿಂದ ನುಗ್ಗುವ ರಸ್ತೆ ಇದು. ಟ್ರಾಲಿಯ ಬೆನ್ನಿಗೆ ಹಚ್ಚಿಸಿದ ಕೆಂಪು ಪಟ್ಟಿ ದೂರದಿಂದಲೇ ಮಿನುಗುತ್ತದೆ. ಇವತ್ತು ದಾಟಿಹೋದ ಇನ್ನೊಂದು ತಂಡದ ಟ್ರಾಲಿಗೆ ದೀಪವೂ ಇಲ್ಲ, ಪಟ್ಟಿಯೂ ಇಲ್ಲ, ಒಳಗೆ ಮಕ್ಕಳು ಮಲಗಿದ್ದರು. ಕೂಗಿ ಹೇಳಿದೆ. “ಮಲ್ಲಯ್ಯ ನೋಡ್ಕೋತಾನ್ರೀ” ಎಂದರು. ಹಿಂದೆ ಬರುವ ಲಾರಿಯವನಿಗೂ ಕಾಣಬೇಕಲ್ಲ!

25 ಮಾರ್ಚ್, ಮಂಗಳವಾರ. ಆತ್ಮಕೂರು

ಇಲ್ಲಿಂದ ದಾರಿ ಎರಡಾಗುತ್ತದೆ. ನಡೆಯುವವರು ವೆಂಕಟಾಪುರದಿಂದ ಕಾಡು ಹೊಕ್ಕು ನಾಗಲೂಟಿ, ಪೆದ್ದಚೆರುವು, ಭೀಮನ ಕೊಳ ದಾಟಿ ಕೈಲಾಸ ದ್ವಾರ ಹತ್ತುತ್ತಾರೆ. ಗಾಡಿಗಳು ದೋರ್ನಾಲ ಸುತ್ತಿ ಘಟ್ಟ ಏರಬೇಕು. ಕಾಡೆಂದರೆ ನಾಗಾರ್ಜುನಸಾಗರ–ಶ್ರೀಶೈಲ ಹುಲಿ ಮೀಸಲು ಪ್ರದೇಶ, ವಿಸ್ತೀರ್ಣದಲ್ಲಿ ದೇಶಕ್ಕೇ ದೊಡ್ಡದು. ಎರಡು ದಿನಕ್ಕೆ ಬೇಕಾದಷ್ಟನ್ನು ಮಾತ್ರ ಹೆಗಲಿಗೇರಿಸಿಕೊಂಡು ಹೊರಟರು. ಮಲ್ಲಯ್ಯನ ಕಂಬಿ ಹೊತ್ತವರು ಮುಂದೆ. ಅವರ ಚಪ್ಪಲಿ, ಕಂಬಳಿ, ಬೋಗುಣಿ ಎಲ್ಲ ನನ್ನ ಸುಪರ್ದಿಗೆ ಬಂತು.

27 ಮಾರ್ಚ್, ಗುರುವಾರ. ದೋರ್ನಾಲ, ಘಟ್ಟ

ನಿನ್ನೆ ರಾತ್ರಿ ದೋರ್ನಾಲದ ತಪಾಸಣಾ ಗೇಟಿನ ಮುಂದೆ ಮಲಗಿದೆವು. ಪ್ರಾಣಿಗಳು ಓಡಾಡುವ ಹೊತ್ತೆಂದು ರಾತ್ರಿ ಒಂಬತ್ತರಿಂದ ಬೆಳಿಗ್ಗೆ ಆರರವರೆಗೆ ಗಾಡಿ ಬಿಡುವುದಿಲ್ಲ. ಸಾಲಿನಲ್ಲಿ ಬಹುಪಾಲು ಕೆಎ ನಂಬರುಗಳೇ. ನಮ್ಮ ಕಡೆಯ ಮಾತು, ಮಂಡಾಳಿನ ಒಗ್ಗರಣೆ, ಆಂಧ್ರದಲ್ಲಿದ್ದೇವೆ ಎನ್ನಿಸಲೇ ಇಲ್ಲ.

ಗೇಟು ತೆರೆಯುವ ಮುಂಚೆ ಟ್ಯಾಂಕಿನ ನೀರನ್ನು ಪೂರ್ತಿ ಖಾಲಿ ಮಾಡಿದೆ. ಅಣ್ಣನ ಮಗನಿಗೆ ಹೊಟ್ಟೆ ಉರಿಯಿತು. ಅರ್ಧ ತುಂಬಿದ ಟ್ಯಾಂಕು ತಿರುವಿನಲ್ಲಿ ನೀರನ್ನು ಒಂದು ಬದಿಗೆ ಎರಚುತ್ತದೆ, ಆ ಹೊಡೆತಕ್ಕೆ ಟ್ರಾಲಿ ವಾಲುತ್ತದೆ. ಒಂದೋ ಕಂಠಪೂರ್ತಿ ಇರಬೇಕು, ಇಲ್ಲ ಏನೂ ಇರಬಾರದು. ಟ್ಯಾಂಕು ಖಾಲಿಯಾದ ಮೇಲೆ ಮುಂದಿನ ಭಾರ ಹೋಯಿತು. ಅದಕ್ಕೇ ಬೈಕು ಇಳಿಸಿ ಅವನಿಗೇ ಕೊಟ್ಟೆ, ಅಕ್ಕಿ ಚೀಲಗಳನ್ನು ಮುಂದಕ್ಕೆ ಎಳೆದೆ. ಆಮೇಲೆ ಬ್ರೇಕು. ಟ್ರ್ಯಾಕ್ಟರಿಗೆ ಬಲಗಾಲಿನ ಹತ್ತಿರ ಎರಡು ಪೆಡಲ್, ಎಡ ಚಕ್ರಕ್ಕೊಂದು, ಬಲ ಚಕ್ರಕ್ಕೊಂದು. ಹೊಲದಲ್ಲಿ ಸಾಲಿನ ಕೊನೆಗೆ ಚುರುಕಾಗಿ ತಿರುಗಲು ಒಂದನ್ನೇ ಒತ್ತುತ್ತೇವೆ. ರಸ್ತೆಯಲ್ಲಿ ಒಂದನ್ನೇ ಒತ್ತಿದರೆ ಗಾಡಿ ಗಿರ್ರನೆ ತಿರುಗಿ ಬೀಳುತ್ತದೆ. ಎರಡನ್ನೂ ಜೋಡಿಸುವ ಚಿಕ್ಕ ಚಿಲಕ ಅಲ್ಲೇ ಇರುತ್ತದೆ. ಕೆಸರು ಮೆತ್ತಿ ಎಷ್ಟೋ ಗಾಡಿಗಳಲ್ಲಿ ಅದು ಅಲುಗುವುದೇ ಇಲ್ಲ. ಸೀಮೆಎಣ್ಣೆ ಬಿಟ್ಟು ತಿಕ್ಕಿ ಚಿಲಕ ಹಾಕಿದೆ. ಹುಕ್ಕಿನ ಪಿನ್ನಿಗೆ ಕೆಳಗಿನ ಕೀಲು ಇದೆಯೇ ನೋಡಿದೆ, ಮೇಲೊಂದು ಸರಪಳಿ ಸುತ್ತಿದೆ. ಈ ಸರಪಳಿ ಅಮೆರಿಕದ ಹುಡುಗ ಕಲಿಸಿದ್ದು. ಅವರಲ್ಲಿ ಕೊಂಡಿ ಕಳಚಿದರೆ ಟ್ರೇಲರಿನ ಬ್ರೇಕು ತಾನೇ ಹಿಡಿಯುತ್ತದಂತೆ. ನಮ್ಮ ಟ್ರಾಲಿಗೆ ಬ್ರೇಕೇ ಇಲ್ಲ.

ಬ್ರೇಕಿಲ್ಲದ ಟ್ರಾಲಿ ಇಳಿಜಾರಿನಲ್ಲಿ ಟ್ರ್ಯಾಕ್ಟರನ್ನು ಹಿಂದಿನಿಂದ ನೂಕುತ್ತದೆ. ನೇರ ರಸ್ತೆಯಲ್ಲಾದರೆ ಬರೀ ನೂಕು, ತಿರುವಿನಲ್ಲಾದರೆ ಅದು ಟ್ರ್ಯಾಕ್ಟರಿನ ಹಿಂಭಾಗವನ್ನು ಪಕ್ಕಕ್ಕೆ ತಳ್ಳಿ ಎರಡನ್ನೂ ಮಡಚುತ್ತದೆ. ಆಗ ಬ್ರೇಕು ಒತ್ತಿದಷ್ಟೂ ಕೇಡು. ಹತ್ತಿದ ಗೇರಿನಲ್ಲೇ ಇಳಿಯಬೇಕು, ಇಳಿಜಾರು ಶುರುವಾಗುವ ಮುಂಚೆಯೇ ಆ ಗೇರಿಗೆ ಬಂದಿರಬೇಕು, ಕ್ಲಚ್ಚಿನ ಮೇಲೆ ಕಾಲಿಡಕೂಡದು. ಡೀಸೆಲ್ ಉಳಿಸಲು ನ್ಯೂಟ್ರಲ್‌ನಲ್ಲಿ ಬಿಡುವವರನ್ನು ಇವತ್ತೂ ಕಂಡೆ. ಐವತ್ತು ಕಿಲೋಮೀಟರಿನ ದಾರಿಗೆ ನಮಗೆ ಅರ್ಧ ದಿನವೇ ಹಿಡಿಯಿತು. ಹಿಂದೆ ಬಂದ ಕಾರುಗಳವರು ಬೈದುಕೊಂಡೇ ದಾಟಿದರು.

30 ಮಾರ್ಚ್, ಭಾನುವಾರ. ಯುಗಾದಿ, ಶ್ರೀಶೈಲ

ಕಾಡಿನಿಂದ ಬಂದವರ ಕಾಲು ನೋಡುವ ಹಾಗಿಲ್ಲ, ಮುಖ ಮಾತ್ರ ಅರಳಿದೆ. ಅತ್ತೆ ಬಸ್ಸಿನಲ್ಲಿ ಬಂದಿಳಿದು, ನಮ್ಮ ಟ್ರಾಲಿ ಹುಡುಕಿಕೊಂಡು, ತಾಡಪತ್ರಿಯ ಕೆಳಗೆ ಮೂಲೆ ಹಿಡಿದಳು. ನಿಂತ ಟ್ರಾಲಿಯಲ್ಲಿ ಎಷ್ಟು ಹೊತ್ತು ಬೇಕಾದರೂ ಕೂಡು ಎಂದೆ. ಭ್ರಮರಾಂಬೆ ನಮ್ಮ ಕಡೆಯವರಿಗೆ ಮನೆಮಗಳು, ಮಲ್ಲಯ್ಯ ಅಳಿಯ. ಹಬ್ಬಕ್ಕೆ ಮಗಳ ಮನೆಗೆ ಬಂದವರಂತೆ ಅತ್ತೆ ಸೀರೆ, ಕುಪ್ಪಸದ ಕಣ, ಅರಿಶಿನ ಕುಂಕುಮ ಹಿಡಿದು ಸಾಲಿನಲ್ಲಿ ನಿಂತಳು. ಸೀರೆ ಅಮ್ಮನಿಗೆ ತಲುಪುವ ಹೊತ್ತಿಗೆ ಮಧ್ಯಾಹ್ನವಾಯಿತು. ಟ್ರಾಲಿಯ ಹಿಂದಿನ ಬಾಗಿಲು ಇಳಿಸಿ ಅದರ ಮೇಲೇ ಒಲೆ ಇಟ್ಟು ಹೋಳಿಗೆ ಮಾಡಿದರು. ಪಕ್ಕದ ಗಾಡಿಗಳವರಿಗೂ ಹಂಚಿದೆವು.

3 ಏಪ್ರಿಲ್, ಗುರುವಾರ. ಗಬ್ಬೂರು

ನಡೆದವರೆಲ್ಲ ಬಸ್ಸಿನಲ್ಲಿ ಊರು ಸೇರಿದ್ದರು, ನಾವಿಬ್ಬರೂ ಇಂದು ಬಂದೆವು. ಟ್ರಾಲಿ ತೊಳೆದು ನೋಡಿದೆ. ಕಮಾನಿನ ಒಂದು ಬೆಸುಗೆ ಬಿಟ್ಟಿದೆ, ಟೈರು ಗಟ್ಟಿಯಿದೆ. ಆಗಲೇ ಇಬ್ಬರು ಬಂದು ಮುಂದಿನ ಶಿವರಾತ್ರಿಗೆ ಟ್ರಾಲಿ ಕೇಳಿಹೋದರು. ಕೊಡುತ್ತೇನೆ, ದೇವರ ಕೆಲಸಕ್ಕೆ ಬಾಡಿಗೆ ಬೇಡ. ಆದರೆ ಹಿಂದಿನ ಕೆಂಪು ಪಟ್ಟಿ, ದೀಪ ಕೆಟ್ಟರೆ ಅಲ್ಲೇ ನಿಲ್ಲಿಸಿ ಸರಿಮಾಡಿಸಬೇಕು, ಮತ್ತು ಗಾಲಿ ಉರುಳುವಾಗ ಒಳಗೆ ಒಂದು ಕೂಸೂ ಇರಕೂಡದು. ಒಪ್ಪದವರು ಬೇರೆ ಕಡೆ ನೋಡಿಕೊಳ್ಳಲಿ.