ಬರದ ಸೀಮೆಯ ವಾಲಿಬಾಲ್

ನಮ್ಮ ಕಡೆ ಹರೆಯದ ಹುಡುಗನೊಬ್ಬ ಪೆನ್ನು ಹಿಡಿದು ಕೂತಿದ್ದಾನೆಂದರೆ ಅವನು ಯಾವುದೋ ಪರೀಕ್ಷೆಗೆ ತಯಾರಿ ನಡೆಸಿದ್ದಾನೆಂದೇ ಜನ ತಿಳಿಯುತ್ತಾರೆ.

“ಏನ್ ಮಾಡ್ಲಾಕತ್ತೀದಿ ತಮ್ಮಾ?”

“ಬರೀಲಾಕತ್ತೀನ್ರೀ ಕಾಕಾ.”

“ಹೌದಾ? ಪಿಎಸ್‌ಐನೋ, ಎಫ್‌ಡಿಎನೋ?”

ಕಥೆ ಬರೆಯುತ್ತಿದ್ದೇನೆ ಎಂದರೆ ಕಾಕಾ ಅರೆಗಳಿಗೆ ಸುಮ್ಮನಾಗುತ್ತಾರೆ. ಆಮೇಲೆ, “ಇರ್ಲಿ ಬಿಡು, ಅದೂ ಇರ್ಲಿ. ಹೆಂಗೂ 371ಜೆ ಅದ, ಒಂದು ಅರ್ಜಿ ಹಾಕಿಡು” ಎಂದು ಸಮಾಧಾನ ಹೇಳುತ್ತಾರೆ. ಸಂವಿಧಾನ ತಿದ್ದಿ ನಮ್ಮ ಭಾಗದವರಿಗೆ ನೌಕರಿಯಲ್ಲಿ ಪಾಲು ಎತ್ತಿಟ್ಟ ಮೇಲೆ ಮನೆಗೊಬ್ಬ ಅರ್ಜಿದಾರ ಹುಟ್ಟಿಕೊಂಡಿದ್ದಾನೆ. ಕಥೆಗಾರರಿಗೆ ಅದರಲ್ಲಿ ಕಲಮು ಇಲ್ಲ.

ನಾನು ಅರ್ಜಿ ಹಾಕುವವನೂ ಹೌದು, ಹಾಕಿಕೊಡುವವನೂ ಹೌದು. ಶಹಾಪುರದಲ್ಲಿ ಝೆರಾಕ್ಸ್, ಆನ್‌ಲೈನ್, ಡಿಟಿಪಿ ಮೂರೂ ನಡೆಯುವ ಅಂಗಡಿಯೊಂದರಲ್ಲಿ ನನ್ನ ಕೆಲಸ. ಮುಂಜಾನೆ ಪಹಣಿ, ಜಾತಿ-ಆದಾಯ ಪ್ರಮಾಣಪತ್ರ. ಮಧ್ಯಾಹ್ನ ಲಗ್ನಪತ್ರಿಕೆ, ಜವಳದ ಕಾರ್ಡು, ಶ್ರದ್ಧಾಂಜಲಿಯ ಬ್ಯಾನರು. ಬಿಸಿಲು ಇಳಿಯುವ ಹೊತ್ತಿಗೆ ಕವಿಗಳು ಬರುತ್ತಾರೆ. ರಾಯಚೂರಿನ ಶಾಂತರಸರು ಕನ್ನಡಕ್ಕೆ ಗಜಲಿನ ರುಚಿ ಹತ್ತಿಸಿದರು ನೋಡಿ, ಅದು ನಮ್ಮ ಸೀಮೆಯಲ್ಲಿ ಇನ್ನೂ ಇಳಿದಿಲ್ಲ. ನಿಜಾಮರ ಕಾಲದ ಉರ್ದು ಮಾತಿನಲ್ಲಿ ಅರ್ಧ ಹಾಗೇ ಉಳಿದ ಊರುಗಳಲ್ಲಿ ಗಜಲ್ ಪರಕೀಯ ಅನ್ನಿಸುವುದೂ ಇಲ್ಲ.

ಗಜಲ್ ಟೈಪ್ ಮಾಡುವವನಿಗೆ ಒಂದು ಅನುಕೂಲ ಉಂಟು. ಮೊದಲ ದ್ವಿಪದಿಯ ಎರಡೂ ಸಾಲಿನ ಕೊನೆಗೆ, ಆಮೇಲೆ ಪ್ರತಿ ದ್ವಿಪದಿಯ ಎರಡನೆಯ ಸಾಲಿನ ಕೊನೆಗೆ ಅದೇ ರದೀಫು ಬರುತ್ತದೆ. ಒಮ್ಮೆ ಟೈಪ್ ಮಾಡಿ ಕಾಪಿ ಹೊಡೆದರೆ ಮುಗಿಯಿತು. ಆದರೆ ಕವಿಗಳು ಕುರ್ಚಿಯ ಹಿಂದೆಯೇ ನಿಂತಿರುತ್ತಾರೆ. “ಪೇಸ್ಟ್ ಮಾಡಬ್ಯಾಡ ತಮ್ಮಾ, ಪ್ರತಿ ಸಲ ಟೈಪೇ ಮಾಡು. ಪೇಸ್ಟ್ ಮಾಡಿದ್ರ ಅದರಾಗ ಜೀವ ಇರಂಗಿಲ್ಲ” ಎಂದು ಒಬ್ಬರು ಹೇಳಿದ್ದರು. ನಾನು ಪ್ರತಿ ಸಲವೂ ಟೈಪ್ ಮಾಡಿದೆ. ಕೊನೆಯ ದ್ವಿಪದಿಯಲ್ಲಿ ಅವರ ಕಾವ್ಯನಾಮ ಬರುವಾಗ ಅವರು ಎಷ್ಟು ಬಗ್ಗಿದ್ದರೆಂದರೆ, ಆಗಷ್ಟೇ ತಿಂದ ಮಿರ್ಚಿಭಜಿಯ ಘಾಟು ನನ್ನ ಕಿವಿಗೇ ತಾಗಿತು.

ಹೀಗೆ ಊರಿನ ಬರಹವೆಲ್ಲ ನನ್ನ ಬೆರಳಿನಿಂದ ಹಾಯ್ದು ಹೋಗುತ್ತದೆ. ಅದರಲ್ಲಿ ಮತ್ತೆ ಮತ್ತೆ ಬರುವುದು ಬಿಸಿಲು, ಬರ, ಗುಳೆ. ಸುಳ್ಳೇನಲ್ಲ. ರಾತ್ರಿ ಯಾದಗಿರಿ ಸ್ಟೇಷನ್ನಿಗೆ ಹೋದವರಿಗೆ ಗೊತ್ತು, ಜೋಳದ ಹಿಟ್ಟು, ಪಾತ್ರೆ-ಪಗಡಿ ಚೀಲಕ್ಕೆ ತುಂಬಿಕೊಂಡು, ಮಕ್ಕಳನ್ನು ಅದರ ಮೇಲೆಯೇ ಮಲಗಿಸಿ ಬೆಂಗಳೂರಿನ ಗಾಡಿ ಕಾಯುವ ಸಂಸಾರಗಳು ಎಷ್ಟು ಎಂದು. ನಮ್ಮ ಬಳಗದವರೂ ಅದರಲ್ಲಿ ಇರುತ್ತಾರೆ. ನಾರಾಯಣಪುರದ ಆಣೆಕಟ್ಟು 1982ರಲ್ಲಿ ಮುಗಿದು, ಕೃಷ್ಣೆಯ ನೀರು ಕಾಲುವೆ ಹಿಡಿದು ಶಹಾಪುರ-ಸುರಪುರದ ಹೊಲಗಳಿಗೆ ಬಂದ ಮೇಲೆ ಭತ್ತದ ಗದ್ದೆಗಳೂ ಆದವು. 2009ರ ಕೊನೆಗೆ ಕಲಬುರಗಿಯಿಂದ ಬೇರೆಯಾಗಿ ನಮ್ಮದೇ ಜಿಲ್ಲೆಯೂ ಆಯಿತು. ಆದರೂ ಕಥೆಯೊಳಗಿನ ಯಾದಗಿರಿಗೆ ಇನ್ನೂ ನೀರು ಬಿಟ್ಟಿಲ್ಲ.

ನನ್ನ ಸಂಶಯ ಹುಟ್ಟುವುದು ಇಲ್ಲಿಯೇ. ಬರೆಯಬೇಕೆಂದು ಕೂತರೆ ನನಗೆ ಮೊದಲು ನೆನಪಾಗುವುದು ವಾಲಿಬಾಲ್.

ಆಟದ ಹುಚ್ಚು ನನಗೆ ಮೊದಲಿನಿಂದಲೂ ಇದೆ. ಯಾದಗಿರಿಯಲ್ಲಿ ಅಕ್ಕನ ಮನೆಗೆ ಹೋದರೆ ನಸುಕಿನಲ್ಲಿ ಎದ್ದು ಕೋಟೆಯ ಗುಡ್ಡ ಹತ್ತಿ ಬರುತ್ತೇನೆ. ಪೊಲೀಸ್ ಭರತಿಗೆ 1600 ಮೀಟರ್ ಓಟದ ತಾಲೀಮು ಮಾಡುವ ಹುಡುಗರ ಜೊತೆ ಓಡುತ್ತೇನೆ. ಅವರ ಕೈಯಲ್ಲಿ ಸ್ಟಾಪ್‌ವಾಚು, ಮನಸ್ಸಿನಲ್ಲಿ ನೌಕರಿ. ನನಗೆ ಎರಡೂ ಇಲ್ಲದ್ದರಿಂದ ಆರಾಮಾಗಿ ಹಿಂದೆ ಉಳಿಯುತ್ತೇನೆ. ಟೆನಿಸ್ ಬಾಲಿನ ಕ್ರಿಕೆಟ್ಟೂ ಆಡಿದ್ದೇನೆ. ಆದರೆ ಸಂಜೆಯ ವಾಲಿಬಾಲಿನ ಸುಖವೇ ಬೇರೆ.

ಐದೂವರೆಗೆ ಬಿಸಿಲಿನ ಝಳ ತುಸು ತಗ್ಗುತ್ತದೆ. ಮೈದಾನಕ್ಕೆ ಹೋದರೆ ಎದುರಿಗೇ ಗುಡ್ಡದ ಸಾಲು. ನಮ್ಮೂರ ಗುಡ್ಡಗಳನ್ನು ಜನ ಮಲಗಿದ ಬುದ್ಧ ಎನ್ನುತ್ತಾರೆ. ಹಣೆ, ಮೂಗು, ಗದ್ದ, ಎದೆ ಎಲ್ಲ ಎಣಿಸುವಷ್ಟು ಸ್ಪಷ್ಟ. ಅಷ್ಟು ದೊಡ್ಡವನೇ ಅಂಗಾತ ಮಲಗಿ ಆಕಾಶ ನೋಡುತ್ತಿರುವ ಊರಿನಲ್ಲಿ ಎರಡು ತಾಸು ಆಡಿದರೆ ಯಾರ ಗಂಟು ಹೋಗುತ್ತದೆ! ಮೊದಲು ಬಂದವನು ನೆಟ್ಟು ಕಟ್ಟಬೇಕು. ಕಂಬಕ್ಕೆ ಒಂದು ಕಾಲು ಕೊಟ್ಟು ಮೇಲಿನ ಹಗ್ಗ ಜಗ್ಗಿದರೇನೇ ನಡುವಿನ ಜೋಲು ಹೋಗುವುದು. ಬಾಲು ಮೆತ್ತಗಾಗಿದ್ದರೆ ಪಂಪಿನ ಸೂಜಿಗೆ ಉಗುಳು ಹಚ್ಚಿ ಮೆಲ್ಲಗೆ ಒಳಗೆ ಬಿಡಬೇಕು. ಒಣ ಸೂಜಿ ತುರುಕಿದರೆ ವಾಲ್ವು ಹರಿದು ಆವತ್ತಿನ ಆಟ ಅಲ್ಲಿಗೇ ಬಂದ್. ಗೆರೆಗೆ ಸುಣ್ಣ ಸಿಕ್ಕರೆ ಸುಣ್ಣ, ಇಲ್ಲವಾದರೆ ಹಿಮ್ಮಡಿ.

ಆಮೇಲೆ ಒಬ್ಬೊಬ್ಬರೇ ಬರುತ್ತಾರೆ. ಡ್ಯೂಟಿ ಮುಗಿಸಿದ ಬಸ್ ಕಂಡಕ್ಟರ್, ಹೈಸ್ಕೂಲಿನ ಮಾಸ್ತರು, ಪಿಯುಸಿ ಹುಡುಗರು, ಹೊಟ್ಟೆ ಮುಂದೆ ಬಂದ ಪೊಲೀಸಪ್ಪ. 1895ರಲ್ಲಿ ಅಮೆರಿಕದ ಹೋಲಿಯೋಕ್ ಎಂಬ ಊರಿನಲ್ಲಿ ವಿಲಿಯಂ ಮಾರ್ಗನ್ ಈ ಆಟ ಕಟ್ಟಿದ್ದೇ ಬಾಸ್ಕೆಟ್‌ಬಾಲಿನ ಓಡಾಟ ತಡೆಯದ ನಡುವಯಸ್ಸಿನವರಿಗಾಗಿ. ಇದನ್ನು ಪೊಲೀಸಪ್ಪನಿಗೆ ಹೇಳಿದಾಗ ಅವರು, “ನೋಡ್ರಿ, ನಮಗಂತನೇ ಮಾಡ್ಯಾನ” ಎಂದು ಮುಂದಿನ ಸಾಲು ಬಿಟ್ಟು ಕದಲಲಿಲ್ಲ.

ನಮ್ಮ ತಂಡದ ಲಿಫ್ಟರ್ ಎಪಿಎಂಸಿಯಲ್ಲಿ ಹಮಾಲಿ ಮಾಡುವ ಅಣ್ಣ. ದಿನವಿಡೀ ತೊಗರಿ ಚೀಲ ಬೆನ್ನಿಗೇರಿಸಿ ಬಂದಿರುತ್ತಾನೆ. ಕಬ್ಬಿಣದ ಕೊಕ್ಕೆ ಹಿಡಿದು ಹಿಡಿದು ಅವನ ಅಂಗೈಯಲ್ಲಿ ಗಂಟುಗಳಿವೆ. ಅದೇ ಕೈಗೆ ಬಾಲು ಬಂದರೆ ಸಪ್ಪಳವೇ ಆಗುವುದಿಲ್ಲ. ಹಣೆಯ ಮೇಲೆ ಹತ್ತೂ ಬೆರಳು ಅರಳುತ್ತವೆ, ಮೊಣಕಾಲು ತುಸು ಮಣಿಯುತ್ತದೆ, ಬಾಲು ನೆಟ್ಟಿನ ಅಂಚಿನ ಮೇಲೆ ಎದ್ದು ಒಂದು ಕ್ಷಣ ತಡೆಯುತ್ತದೆ. ಹೊಡೆಯುವುದೊಂದೇ ನಮಗೆ ಉಳಿದ ಕೆಲಸ. ಚಪ್ಪಾಳೆ ಹೊಡೆದವನಿಗೆ ಬೀಳುತ್ತದೆ. ಅಣ್ಣ ಅಷ್ಟರಲ್ಲಿ ತಿರುಗಿ ತನ್ನ ಜಾಗಕ್ಕೆ ಹೋಗಿರುತ್ತಾನೆ.

ಈ ಕೈಯ ಬಗ್ಗೆ ನಾನೊಂದು ಬರಹ ಬರೆದೆ. ನಮ್ಮ ಭಾಗದ ಹಿರಿಯ ಸಾಹಿತಿಯೊಬ್ಬರಿಗೆ ತೋರಿಸಿದೆ. ಚಹಾ ಆರುವ ತನಕ ಓದಿ, “ಚಲೋ ಅದ. ಆದರ ಇದರಾಗ ಹಮಾಲನ ಬವಣಿ ಎಲ್ಲೈತಿ? ಬರೇ ಆಟ ಆತಲ್ಲೋ” ಎಂದರು. ಅವರ ಮಾತಿನಲ್ಲಿ ಕಾಳಜಿಯಿತ್ತು, ಅದಕ್ಕೇ ನನಗೆ ಉತ್ತರ ತೋಚಲಿಲ್ಲ. ಮೂರ್ತಿರಾಯರಾಗಲಿ ಗೊರೂರರಾಗಲಿ ನಿತ್ಯದ ಸಣ್ಣ ಸಂಗತಿ ಹಿಡಿದು ಪುಟಗಟ್ಟಲೆ ಹರಟಿದರೆ ಅದು ಲಲಿತ ಪ್ರಬಂಧ. ನಾವು ನೆಟ್ಟಿನ ಹಗ್ಗದ ಬಗ್ಗೆ ಬರೆದರೆ ಪುರಸೊತ್ತಿನವನ ಮಾತು. ನಮ್ಮ ಸೀಮೆಯವನು ನಕ್ಕರೆ ಓದುವವರಿಗೆ ಅನುಮಾನ ಬರುತ್ತದೆ. ಇದು ಅವರ ತಪ್ಪೋ, ಅಥವಾ ನನ್ನ ಬರಹಕ್ಕೇ ತೂಕವಿಲ್ಲವೋ ಎಂದು ಎಷ್ಟೋ ರಾತ್ರಿ ಮಾಳಿಗೆಯ ಮೇಲೆ ಮಲಗಿ ಯೋಚಿಸಿದ್ದೇನೆ. ಸೆಖೆಯಲ್ಲಿ ನಿದ್ದೆ ಬರದಿದ್ದುದಕ್ಕೆ ಸಾಹಿತ್ಯವನ್ನು ದೂರಿದೆನೋ ಏನೋ.

ಭಾನುವಾರ ಗೆಳೆಯರು ಬೈಕು ತೆಗೆದರೆ ಹತ್ತಿಗೂಡೂರು ದಾಟಿ ಸುರಪುರಕ್ಕೆ ಹೋಗುತ್ತೇವೆ. ಅಲ್ಲಿ ಗುಡ್ಡದ ಮೇಲೆ ಟೇಲರ್ ಮಂಜಿಲ್ ಇದೆ. ಫಿಲಿಪ್ ಮೆಡೋಸ್ ಟೇಲರ್ ಸಾಹೇಬರು 1841ರಿಂದ 1853ರವರೆಗೆ ಸುರಪುರ ಸಂಸ್ಥಾನದ ಉಸ್ತುವಾರಿ ನೋಡಿಕೊಂಡವರು. ಅವರೂ ಕಾದಂಬರಿಕಾರರೇ ಎಂಬ ಕಾರಣಕ್ಕೆ ಆ ಮನೆಯ ಮುಂದೆ ನನಗೆ ತುಸು ಸಲಿಗೆ. ಇಲ್ಲಿಗೆ ಬರುವ ಮೊದಲೇ, 1839ರಲ್ಲಿ, ಠಕ್ಕನೊಬ್ಬ ತನ್ನ ಕೊಲೆಗಳನ್ನು ತಾನೇ ಹೇಳಿಕೊಳ್ಳುವ ಕಾದಂಬರಿ ಬರೆದು ಇಂಗ್ಲೆಂಡಿನಲ್ಲಿ ಹೆಸರು ಮಾಡಿದ್ದರು. ವಿಕ್ಟೋರಿಯಾ ರಾಣಿ ಕೂಡ ಅದನ್ನು ಆಸೆಪಟ್ಟು ಓದಿದ್ದಳು. ಮರುವರ್ಷ ಟಿಪ್ಪುವಿನ ಮೇಲೆ ಇನ್ನೊಂದು. ಆಮೇಲೆ ಸುರಪುರದಲ್ಲಿದ್ದಷ್ಟು ಕಾಲ ಅವರ ಒಂದೂ ಕಾದಂಬರಿ ಹೊರಬರಲಿಲ್ಲ. ಮುಂದಿನ ಕಾದಂಬರಿ ‘ತಾರಾ’ ಬಂದದ್ದು 1863ರಲ್ಲಿ, ನೌಕರಿ ಬಿಟ್ಟು ಊರಿಗೆ ಮರಳಿದ ಮೇಲೆ.

ಇಲ್ಲಿ ಅವರು ಏನು ಮಾಡುತ್ತಿದ್ದರು? ಸಂಸ್ಥಾನದ ಲೆಕ್ಕಪತ್ರ, ರಸ್ತೆ, ಕೆರೆ ನೋಡಿಕೊಂಡರು. ಚಿತ್ರ ಬರೆದರು. ರಾಜನಕೋಳೂರಿನ ಬೃಹತ್ ಶಿಲಾಯುಗದ ಕಲ್ಲುಗೋರಿಗಳ ಮುಂದೆ ನಿಂತು ಅಳತೆ ಹಿಡಿದರು. ತಮ್ಮನ್ನು ‘ಅಪ್ಪಾ’ ಎನ್ನುತ್ತಿದ್ದ ಬಾಲರಾಜ ವೆಂಕಟಪ್ಪ ನಾಯಕನನ್ನು ಬೆಳೆಸಿದರು. 1858ರಲ್ಲಿ ಅದೇ ರಾಜ ಬ್ರಿಟಿಷರ ವಿರುದ್ಧ ತಿರುಗಿ ನಿಂತು ಪ್ರಾಣ ಕಳೆದುಕೊಂಡ. ಈ ದಿನಗಳೆಲ್ಲ ಅವರ ಆತ್ಮಕಥೆಯಲ್ಲಿವೆ. ಅದು ಅಚ್ಚಾದದ್ದು 1877ರಲ್ಲಿ, ಅವರು ತೀರಿಕೊಂಡ ಮರುವರ್ಷ. ನಮ್ಮ ದಖ್ಖನಿನಿಂದ ಹೊರಗಿನ ಓದುಗರು ಮೊದಲು ಕೊಂಡದ್ದು ಕುತ್ತಿಗೆಗೆ ರುಮಾಲು ಬಿಗಿಯುವವರ ಕಥೆ. ಸುರಪುರದ ನಿತ್ಯದ ಬದುಕಿನ ಪಾಳಿ ಬಂದದ್ದು ಕೊನೆಗೆ. ಅಂದರೆ ನಮ್ಮ ಹಿರಿಯ ಸಾಹಿತಿಯ ಪ್ರಶ್ನೆ ಇವತ್ತಿನದಲ್ಲ.

ಹಾಗಂತ ಈ ಮಣ್ಣಿಗೆ ಸಣ್ಣ ಸುಖದ ಮಾತು ಹೊಸದೂ ಅಲ್ಲ. ಮುದನೂರು ಇಲ್ಲೇ ಇದೆ, ದೇವರ ದಾಸಿಮಯ್ಯನ ಊರು. ಬಸವಣ್ಣನಿಗಿಂತ ಮೊದಲಿನವನು ಎನ್ನುವ ಆ ನೇಕಾರ ತನ್ನ ಮಗ್ಗ, ಮನೆ, ಹೆಂಡತಿ ದುಗ್ಗಳೆ, ಹಸಿದ ಹೊಟ್ಟೆ ಇವುಗಳನ್ನೇ ವಚನಕ್ಕೆ ತಂದ. ದುಗ್ಗಳೆಯೂ ವಚನ ಬರೆದಳು. ಅವರಿಗೆ ಬಡತನ ಕಡಿಮೆಯಿತ್ತೆಂದಲ್ಲ, ಬಡತನವೊಂದೇ ತಾವೆಂದು ಅವರು ತಿಳಿಯಲಿಲ್ಲ. ಇನ್ನು ಗೋಕುಲಾಷ್ಟಮಿಯ ಹೊತ್ತಿಗೆ ಸುರಪುರದ ವೇಣುಗೋಪಾಲಸ್ವಾಮಿ ಗುಡಿಯ ಮುಂದೆ ನಿಂತು ನೋಡಬೇಕು. ಮುಗಿಲಿಗೆ ಎದ್ದ ಕಂಬಗಳಿಗೆ ಜಾರುವಂತೆ ಹಚ್ಚಿರುತ್ತಾರೆ. ಹತ್ತುವವರ ಮೇಲೆ ನೀರು ಹೊಯ್ಯುತ್ತಾರೆ. ಒಬ್ಬನ ಹೆಗಲ ಮೇಲೆ ಇನ್ನೊಬ್ಬ ಏರಿ, ಅರ್ಧಕ್ಕೆ ಸರ್ರನೆ ಜಾರಿ, ಕೆಳಗಿನವನ ತಲೆಯ ಮೇಲೇ ಬಂದು ಕೂರುತ್ತಾನೆ. ಸೇರಿದ ಜನ ಹೋ ಎನ್ನುತ್ತದೆ. ಆ ಜನರಲ್ಲಿ ಸಾಲಗಾರರಿಲ್ಲವೇ, ಮುಂದಿನ ವಾರ ಬೆಂಗಳೂರಿನ ಗಾಡಿ ಹತ್ತುವವರಿಲ್ಲವೇ? ಎಲ್ಲರೂ ಇರುತ್ತಾರೆ. ಅವರ ನಗೆಯನ್ನು ಬಿಟ್ಟು ಸಾಲವನ್ನಷ್ಟೇ ಬರೆದರೆ ಲೆಕ್ಕ ಅರ್ಧವೇ ಆಯಿತು.

ಇಷ್ಟೆಲ್ಲ ಯೋಚಿಸಿದ ಮೇಲೂ ಧೈರ್ಯ ಸಾಲದೆ, ಬರಹದ ಪ್ರಿಂಟು ತೆಗೆದುಕೊಂಡು ಹಮಾಲಿ ಅಣ್ಣನ ಹತ್ತಿರವೇ ಹೋದೆ. ಆಟ ಮುಗಿದು, ಕತ್ತಲಾಗಿ, ಎಲ್ಲರೂ ಚುರುಮುರಿ ಗಾಡಿಯ ಸುತ್ತ ನಿಂತಿದ್ದೆವು. ಮೊಬೈಲಿನ ಬೆಳಕಿನಲ್ಲಿ ಓದಿ ಹೇಳಿದೆ. ಬೆರಳು ಅರಳುವುದನ್ನು ಬರೆದ ಕಡೆ ಅಣ್ಣ ಚುರುಮುರಿ ತಿನ್ನುವುದನ್ನು ನಿಲ್ಲಿಸಿದ. ಪೊಲೀಸಪ್ಪ, “ನನ್ನ ಹೊಟ್ಟಿ ಯಾಕ್ ತಂದಿ ನಡುವ” ಎಂದು ತಕರಾರು ತೆಗೆದರು. ಅಣ್ಣ ಪೂರ್ತಿ ಕೇಳಿ, ಕೈ ಕೊಡವಿಕೊಂಡು ಹೇಳಿದ:

“ಮುಂದಕ್ಕ ಕೊಡೋ ಲಿಫ್ಟು ಎಲ್ಲಾರೂ ಕೊಡ್ತಾರ. ನಾ ತಲಿ ಮ್ಯಾಲಿಂದ ಹಿಂದಕ್ಕ ಕೊಡ್ತೀನಲ್ಲ, ನೋಡದಂಗ, ಅದು ಬರೀಬೇಕಾಗಿತ್ತು. ಅದು ಕಲೀಲಾಕ ನನಗ ಬಾಳ ವರ್ಷ ಹಿಡೀತು.”

ಬವಣೆ ಎಲ್ಲಿದೆ ಎಂದು ಅವನು ಕೇಳಲಿಲ್ಲ. ತನಗೆ ಬರುವ ಅತಿ ಕಷ್ಟದ ಕೆಲಸ ಬಿಟ್ಟುಹೋಗಿದೆ ಎಂದ. ನಾನು ಕೇಳಿದ ವಿಮರ್ಶೆಗಳಲ್ಲಿ ಇಷ್ಟು ಖಚಿತವಾದದ್ದು ಇನ್ನೊಂದಿಲ್ಲ. ಹಾಗಾಗಿ ಈಗ ನನ್ನ ಮುಂದಿರುವ ಕೆಲಸ ಇಷ್ಟು: ಬಾಲು ಬೆನ್ನ ಹಿಂದೆ ಹೋಗುವಾಗ ಅವನ ಸೊಂಟ ಎಷ್ಟು ಬಾಗುತ್ತದೆ, ಹೆಬ್ಬೆರಳು ಯಾವ ಕಡೆ ತಿರುಗುತ್ತದೆ ಎಂದು ಸರಿಯಾಗಿ ನೋಡಿ ಬರೆಯುವುದು. ಅದನ್ನು ನೋಡಲು ಬಂದರೆ, ಚೀಲ ಹೊತ್ತಾಗ ಅದೇ ಸೊಂಟ ಹೇಗೆ ಬಾಗುತ್ತದೆ ಎಂಬುದೂ ಕಂಡೀತು. ಎರಡಕ್ಕೂ ಬೇಕಾದ ಕಣ್ಣು ಒಂದೇ.