ಬೊರಿವಲಿಯ ಜಿಂಕೆ, ಊರಿನ ಉಣುಗು

ಮುಂಬೈಗೆ ಬಂದು ಹದಿನೆಂಟು ವರ್ಷವಾದರೂ ಬೊರಿವಲಿಯ ಸಂಜಯ ಗಾಂಧಿ ರಾಷ್ಟ್ರೀಯ ಉದ್ಯಾನಕ್ಕೆ ಬೆಳಗಿನ ಹೊತ್ತು ಹೋಗಿದ್ದು ಕಡಿಮೆ. ಮಹಾನಗರದ ನಡುವೆ ನೂರು ಚದರ ಕಿಲೋಮೀಟರಿಗೂ ಮಿಕ್ಕ ಕಾಡು ಅದು. ಕಳೆದ ಜನವರಿಯ ಒಂದು ಭಾನುವಾರ ಕಾನ್ಹೇರಿ ಗುಹೆಗಳ ದಾರಿಯಲ್ಲಿ ನಡೆಯುತ್ತಿದ್ದಾಗ ಮರಗಳ ಕೆಳಗೆ ಐದಾರು ಚುಕ್ಕೆ ಜಿಂಕೆಗಳು ಕಂಡವು.

ಒಂದು ಜಿಂಕೆ ಕತ್ತು ಹೊರಳಿಸಿ ಪಕ್ಕೆಯನ್ನು ಹಲ್ಲಿನಿಂದ ಬಾಚಿಕೊಳ್ಳುತ್ತಿತ್ತು. ನಮ್ಮ ದನಗಳ ಹಾಗೆ ಜಿಂಕೆಗೂ ಮೇಲ್ದವಡೆಯ ಮುಂದೆ ಬಾಚಿಹಲ್ಲಿಲ್ಲ. ಕೆಳಗಿನ ಹಲ್ಲುಗಳೇ ಬಾಚಣಿಗೆ. ಕಿವಿಯ ಹಿಂದೆ ಕೆರೆದುಕೊಳ್ಳಲು ಹಿಂಗಾಲಿನ ಗೊರಸು. ಆದರೆ ತಲೆ, ಕುತ್ತಿಗೆಗೆ ತನ್ನ ಬಾಯಿ ಎಟುಕುವುದಿಲ್ಲ. ಉಣುಗು ಕಚ್ಚಿ ಕೂರುವುದೂ ಹೆಚ್ಚಾಗಿ ಅಂಥ ಕಡೆಯೇ. ಸ್ವಲ್ಪ ಹೊತ್ತಿಗೆ ಇನ್ನೊಂದು ಹೆಣ್ಣು ಜಿಂಕೆ ಬಂದು ಅದರ ಕುತ್ತಿಗೆ ನೆಕ್ಕತೊಡಗಿತು. ಮೂರನೆಯದು ಕಿವಿ ನಿಮಿರಿಸಿ ಸುಮ್ಮನೆ ನಿಂತಿತ್ತು. ಚಿರತೆಗಳಿರುವ ಕಾಡು; ಮೈ ನೋಡಿಕೊಳ್ಳುವಾಗ ಕಾಡಿನ ಮೇಲೆ ಕಣ್ಣಿರುವುದಿಲ್ಲ. ಆಫ್ರಿಕಾದ ಇಂಪಾಲಾಗಳಂತೂ ಸರದಿಯ ಮೇಲೆ, ನೀನಿಷ್ಟು ನಾನಿಷ್ಟು ಎಂಬಂತೆ, ಒಂದರ ಕುತ್ತಿಗೆಯನ್ನು ಇನ್ನೊಂದು ಬಾಚುತ್ತವೆ.

ನನಗೆ ಸೊರಬದ ನಮ್ಮ ಕೊಟ್ಟಿಗೆ ನೆನಪಾಯಿತು. ಅಮ್ಮ ಹಾಲು ಕರೆದ ಮೇಲೆ ಹಸುವಿನ ಕಿವಿ, ಗಂಗೆದೊಗಲು ತಡವಿ ಉಣುಗು ಕಿತ್ತು ಸೀಮೆಎಣ್ಣೆ ಡಬ್ಬಿಗೆ ಹಾಕುತ್ತಿದ್ದಳು. ಹಸು ಕತ್ತು ಚಾಚಿ ಕಣ್ಣು ಮುಚ್ಚುತ್ತಿತ್ತು.

ನಮ್ಮ ಕಡೆ ಉಣುಗೆಂದರೆ ಬರೀ ತುರಿಕೆಯಲ್ಲ. 1957ರಲ್ಲಿ ನಮ್ಮ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದು, ಜನರಿಗೂ ಜ್ವರ ಬಂದಾಗಲೇ ಮಂಗನ ಕಾಯಿಲೆ ಪತ್ತೆಯಾದದ್ದು. ಅದನ್ನು ಮನುಷ್ಯರಿಗೆ ದಾಟಿಸುವುದು ಉಣುಗಿನ ಮರಿ, ಕಣ್ಣಿಗೂ ಸರಿಯಾಗಿ ಕಾಣದಷ್ಟು ಸಣ್ಣದು. ಚಳಿಗಾಲದಿಂದ ಮಳೆ ಹಿಡಿಯುವವರೆಗೂ ಅದರ ಭಯ. ಅಮ್ಮ ಕೊಟ್ಟಿಗೆಗೆ ತರಗೆಲೆ ತರಲು ಕಾಡಿಗೆ ಹೋಗುವುದೂ ಅದೇ ತಿಂಗಳುಗಳಲ್ಲಿ. ಮನೆಯಲ್ಲೀಗ ಅವಳೊಬ್ಬಳೇ.

ಅಲ್ಲಿಂದಲೇ ಫೋನ್ ಮಾಡಿದೆ.

"ಕಾಡಿಗೆ ಹೋಗುವಾಗ ಎಣ್ಣೆ ಹಚ್ಚಿಕೊಳ್ತೀಯಾ?"

"ಹಚ್ಕೊಳ್ತೀನಿ ಮಾರಾಯ. ಬಂದ ತಕ್ಷಣ ಬಿಸಿನೀರು ಸ್ನಾನವೂ ಆಗುತ್ತೆ."

"ಬೆನ್ನು, ಕುತ್ತಿಗೆ ಯಾರು ನೋಡ್ತಾರೆ?"

"ಪಕ್ಕದ ಮನೆ ಗೌರಕ್ಕ. ನನ್ನದು ಅವಳು ನೋಡ್ತಾಳೆ, ಅವಳದ್ದು ನಾನು. ಅವಳ ಮಗನೂ ಬೆಂಗಳೂರಲ್ಲೇ ಅಲ್ವಾ?"

ಏನು ಹೇಳಬೇಕೋ ತೋಚಲಿಲ್ಲ. ತಿರುಗಿ ನೋಡಿದೆ. ಜಿಂಕೆಗಳು ಒಳಗೆ ಸರಿದಿದ್ದವು. ಮುಂದಿನ ವಾರಕ್ಕೆ ಊರಿನ ಟಿಕೆಟ್ ಬುಕ್ ಮಾಡಿ, ಗೇಟಿನತ್ತ ನಡೆದೆ.